ಹತ್ತು ಸಲ ಮೂವತ್ತು ಸೆಕೆಂಡು

ಕಳೆದ ರಜೆಯಲ್ಲಿ ನಾವು ಮೂರ್ನಾಲ್ಕು ಜನ ಸೇರಿ ಹಳೇ ಫಿಲ್ಮ್ ಕ್ಯಾಮೆರಾ ಒಂದನ್ನು ಹಿಡಿದು ಕಪ್ಪುಬಿಳುಪಿನ ಒಂದು ರೀಲು ಖಾಲಿ ಮಾಡಿದೆವು. ತೊಳೆಸೋಣ ಅಂದರೆ ಈಗ ಅಂಥ ಸ್ಟುಡಿಯೊಗಳೇ ಕಡಿಮೆ. ಸರಿ, ಹಾಸ್ಟೆಲ್ಲಿನ ಬಾತ್‌ರೂಮಿನ ಕಿಟಕಿಗೆ ಕಂಬಳಿ ಕಟ್ಟಿ ನಾವೇ ಕೂತೆವು. ಡೆವಲಪರಿನಲ್ಲಿ ಎಷ್ಟು ನಿಮಿಷ ಇಡಬೇಕು ಅಂತ ಫಿಲ್ಮಿನ ಡಬ್ಬಿಯ ಮೇಲೇ ಬರೆದಿತ್ತು. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಒಂದು ಸೆಕೆಂಡೂ ಹೆಚ್ಚುಕಡಿಮೆ ಆಗದ ಹಾಗೆ ಅಷ್ಟೇ ಇಟ್ಟೆವು. ಬಂದ ಚಿತ್ರಗಳಲ್ಲಿ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಿಂತ ಗೆಳೆಯನ ಬಿಳಿ ಅಂಗಿ ಸುಣ್ಣ ಬಳಿದಂತೆ ಬೆಳ್ಳಗೆ, ಒಂದು ಮಡಿಕೆ ಇಲ್ಲ, ಒಂದು ಗುಂಡಿ ಕಾಣಲ್ಲ. ಮರದ ನೆರಳಲ್ಲಿ ಕೂತವರೆಲ್ಲ ಬರೀ ಮಸಿ.

ಹಾಗಾದರೆ ಡಬ್ಬಿ ಮೇಲೆ ಬರೆದಿದ್ದು ಸುಳ್ಳಾ? ಸುಳ್ಳಲ್ಲ. ಅನ್ನಕ್ಕೆ ಮೂರು ಸೀಟಿ ಅಂತ ಅಮ್ಮ ಫೋನಲ್ಲಿ ಹೇಳ್ತಾರಲ್ಲ, ಅಂಥದ್ದು ಅದು. ಅಕ್ಕಿ ಹಳೇದೋ ಹೊಸದೋ, ನೀರು ಎಷ್ಟು, ಉರಿ ಎಷ್ಟು ಅನ್ನೋದು ಅಡುಗೆ ಮಾಡುವವನ ಕೈಯಲ್ಲಿದೆ. ಸರಿಯಾದ ಸಮಯವನ್ನು ಕಂಡುಕೊಳ್ಳೋದು ಹೇಗೆ ಅಂತ ಹುಡುಕುತ್ತಾ ಹೋದಾಗ ಮತ್ತೆ ಮತ್ತೆ ಎದುರಾದ ಹೆಸರು ಆನ್ಸೆಲ್ ಆಡಮ್ಸ್. ಅಮೆರಿಕದ ಬೆಟ್ಟ, ಬಂಡೆ, ಹಿಮ, ಮೋಡಗಳ ಕಪ್ಪುಬಿಳುಪು ಚಿತ್ರಗಳಿಗೆ ಲೋಕಪ್ರಸಿದ್ಧರಾದವರು. ಚಿತ್ರಗಳನ್ನು ಎಲ್ಲಾದರೂ ನೋಡಿರುತ್ತೀರಿ. ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಹಿಡಿಸಿದ್ದು ಅವುಗಳ ಹಿಂದಿನ ಲೆಕ್ಕ. ಅವರ ಜೀವನವನ್ನು ಆ ಲೆಕ್ಕದ ಕಡೆಯಿಂದ ಹೇಳುವ ಪ್ರಯತ್ನ ಇದು.

ಆನ್ಸೆಲ್ ಹುಟ್ಟಿದ್ದು 1902ರ ಫೆಬ್ರವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ನಾಲ್ಕು ವರ್ಷದವನಿದ್ದಾಗ ಆ ಊರನ್ನು ನೆಲಸಮ ಮಾಡಿದ 1906ರ ಭೂಕಂಪ ಆಯಿತು. ದೊಡ್ಡ ಕಂಪನದಲ್ಲಿ ಹುಡುಗನಿಗೆ ಏನೂ ಆಗಲಿಲ್ಲ. ಅದಾದ ಕೆಲ ಗಂಟೆಗಳ ಮೇಲೆ ಬಂದ ಮರುಕಂಪನ ತೋಟದ ಗೋಡೆಗೆ ಅವನನ್ನು ಎತ್ತಿ ಎಸೆಯಿತು. ಮೂಗು ಮುರಿಯಿತು, ಜೀವನಪೂರ್ತಿ ಸೊಟ್ಟಗೇ ಉಳಿಯಿತು. ಮನೆತನದ್ದು ಮರದ ವ್ಯಾಪಾರ. 1907ರ ಆರ್ಥಿಕ ಕುಸಿತದ ನಂತರ ಅದು ಇಳಿಯುತ್ತಾ ಹೋಯಿತು. ಹುಡುಗನೋ, ಒಂದು ಕಡೆ ಕೂರುವ ಜಾಯಮಾನದವನೇ ಅಲ್ಲ. ಯಾವ ಶಾಲೆಯಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಕೊನೆಗೆ ಅಪ್ಪನೇ ಶಾಲೆ ಬಿಡಿಸಿ ಮನೆಯಲ್ಲಿ ಪಾಠ ಹೇಳಿಸಿದ. 1915ರಲ್ಲಿ ಊರಿನಲ್ಲಿ ದೊಡ್ಡ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆದಾಗ ಮಗನಿಗೆ ವರ್ಷದ ಪಾಸ್ ಕೊಡಿಸಿ, ಇದೇ ಈ ವರ್ಷದ ಶಾಲೆ ಅಂತ ಕಳಿಸಿಬಿಟ್ಟ. ಇಂಥ ಅಪ್ಪ ಎಲ್ಲರಿಗೂ ಸಿಗಲ್ಲ ಬಿಡಿ.

ಆ ಚಡಪಡಿಕೆಯನ್ನು ಕಟ್ಟಿಹಾಕಿದ್ದು ಪಿಯಾನೊ. ಹನ್ನೆರಡನೇ ವಯಸ್ಸಿಗೆ ತಾನೇ ನುಡಿಸಲು ಕಲಿತ, ಆಮೇಲೆ ಕಟ್ಟುನಿಟ್ಟಿನ ಗುರುಗಳು ಸಿಕ್ಕರು. ಒಂದು ಸ್ವರ ತಪ್ಪಿದರೂ ಮೊದಲಿಂದ ಶುರು. ಮುಂದೆ ದೊಡ್ಡ ಪಿಯಾನೊ ವಾದಕ ಆಗಬೇಕು ಅನ್ನೋದೇ ಸುಮಾರು ಹದಿನೈದು ವರ್ಷ ಅವನ ತಲೆಯಲ್ಲಿದ್ದ ಗುರಿ. ಫೋಟೊಗ್ರಫಿ ನಡುವೆ ಬಂದ ಹವ್ಯಾಸ. 1916ರಲ್ಲಿ ಯೊಸೆಮಿಟಿ ಕಣಿವೆಯ ಬಗ್ಗೆ ಒಂದು ಪುಸ್ತಕ ಓದಿ, ಅಲ್ಲಿಗೇ ಹೋಗೋಣ ಅಂತ ಅಪ್ಪ ಅಮ್ಮನ ಜೀವ ತಿಂದ. ಹೋದರು. ಅಲ್ಲಿ ಅವನ ಕೈಗೆ ಒಂದು ಕೊಡಾಕ್ ಬ್ರೌನಿ ಡಬ್ಬಿ ಕ್ಯಾಮೆರಾ ಕೊಟ್ಟರು. ಅವತ್ತಿನಿಂದ ಸಾಯುವವರೆಗೆ ಒಂದು ವರ್ಷವೂ ಯೊಸೆಮಿಟಿ ತಪ್ಪಿಸಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫೋಟೊ ತೊಳೆದುಕೊಡುವ ಒಂದು ಅಂಗಡಿಯಲ್ಲಿ ಸ್ವಲ್ಪ ದಿನ ಕೆಲಸವನ್ನೂ ಮಾಡಿದ. ಕತ್ತಲ ಕೋಣೆಯ ಅಕ್ಷರಾಭ್ಯಾಸ ಆದದ್ದು ಅಲ್ಲೇ.

1927ರ ಏಪ್ರಿಲ್ 10ರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆಗ ಆಡಮ್ಸ್ ಅವರಿಗೆ ಇಪ್ಪತ್ತೈದು. ಯೊಸೆಮಿಟಿಯ ಹಾಫ್ ಡೋಮ್ ಅನ್ನೋದು ಅರ್ಧ ಕತ್ತರಿಸಿದ ಗುಮ್ಮಟದಂಥ ಬೃಹತ್ ಬಂಡೆ. ಅದರ ಎದುರಿನ ಚಾಚುಬಂಡೆಗೆ ಹಿಮ ತುಳಿದುಕೊಂಡು ಗೆಳೆಯರ ಜೊತೆ ಹತ್ತಿದರು. ಜೊತೆಯಲ್ಲಿ ಮುಂದಿನ ವರ್ಷ ಮದುವೆಯಾದ ವರ್ಜೀನಿಯಾ ಬೆಸ್ಟ್ ಕೂಡ ಇದ್ದರು. ಬೆನ್ನ ಮೇಲೆ ದೊಡ್ಡ ಕ್ಯಾಮೆರಾ, ಹನ್ನೆರಡೇ ಗಾಜಿನ ಪ್ಲೇಟುಗಳು. ಮೇಲೆ ಮುಟ್ಟಿ, ಬಂಡೆಯ ಮೇಲೆ ಬೆಳಕು ಬೀಳುವ ಹೊತ್ತಿಗೆ ಉಳಿದಿದ್ದು ಎರಡು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ತಕ್ಷಣ ಹೊಳೆಯಿತು: ಇದರಲ್ಲಿ ಬರುವುದು ಕಣ್ಣಿಗೆ ಕಂಡ ಬಂಡೆ ಮಾತ್ರ, ಎದೆಗೆ ಬಡಿದ ಬಂಡೆ ಅಲ್ಲ. ಉಳಿದ ಒಂದೇ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ಆಕಾಶದ ನೀಲಿಯನ್ನು ತಡೆಯುತ್ತೆ, ಹಾಗಾಗಿ ಚಿತ್ರದಲ್ಲಿ ಆಕಾಶ ಕಪ್ಪಗಾಗುತ್ತೆ. ‘ಮಾನೊಲಿತ್’ ಅಂತ ಹೆಸರಾದ ಚಿತ್ರ ಅದೇ. ಶಟರ್ ಒತ್ತುವ ಮೊದಲೇ ಕೊನೆಯ ಪ್ರಿಂಟ್ ಹೇಗಿರಬೇಕು ಅಂತ ಮನಸ್ಸಿನಲ್ಲಿ ನೋಡಿದ್ದು ಅವತ್ತೇ ಮೊದಲು ಅಂತ ಅವರು ಮುಂದೆ ಹೇಳಿಕೊಳ್ಳುತ್ತಿದ್ದರು.

ಆದರೂ ಪಿಯಾನೊ ಬಿಡಲು ಇನ್ನೂ ಮೂರು ವರ್ಷ ಬೇಕಾಯಿತು. 1930ರಲ್ಲಿ ನ್ಯೂ ಮೆಕ್ಸಿಕೊದ ಟಾವೊಸ್‌ನಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಛಾಯಾಗ್ರಾಹಕರ ಭೇಟಿಯಾಯಿತು. ಸ್ಟ್ರ್ಯಾಂಡ್ ಹತ್ತಿರ ಅವತ್ತು ಪ್ರಿಂಟುಗಳೇ ಇರಲಿಲ್ಲ, ತೋರಿಸಿದ್ದು ಬರೀ ನೆಗೆಟಿವ್‌ಗಳನ್ನು. ಅವುಗಳನ್ನು ಬೆಳಕಿಗೆ ಹಿಡಿದು ನೋಡಿಯೇ ಆಡಮ್ಸ್ ತಮ್ಮ ದಾರಿ ಯಾವುದು ಅಂತ ತೀರ್ಮಾನಿಸಿಬಿಟ್ಟರು. ಸಂಗೀತ ಮಾತ್ರ ಪೂರ್ತಿ ಬಿಟ್ಟುಹೋಗಲಿಲ್ಲ. ನೆಗೆಟಿವ್ ಅಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಅಂದರೆ ಕಛೇರಿ ಅನ್ನೋದು ಅವರು ಕೊನೆಯವರೆಗೂ ಕೊಡುತ್ತಿದ್ದ ಹೋಲಿಕೆ. ಕಛೇರಿ ದಿನಕ್ಕೊಂದು ಥರ ಇರಬಹುದು, ಲಿಪಿಯಲ್ಲೇ ಸ್ವರ ಬಿಟ್ಟುಹೋದರೆ ಯಾರು ತಾನೇ ಏನು ಮಾಡಿಯಾರು?

1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮುಂತಾದವರ ಜೊತೆ ಸೇರಿ ‘ಎಫ್/64’ ಅನ್ನೋ ಗುಂಪು ಕಟ್ಟಿದರು. ಚಿತ್ರಕಲೆಯ ಹಾಗೆ ಮಸುಕುಮಸುಕಾಗಿ ಫೋಟೊ ತೆಗೆಯುವ ಆ ಕಾಲದ ಫ್ಯಾಷನ್ನಿಗೆ ವಿರೋಧ ಅದು; ಹೆಸರೇ ಅತಿ ಸಣ್ಣ ಅಪರ್ಚರಿನದ್ದು. 1937ರಲ್ಲಿ ಯೊಸೆಮಿಟಿಯ ಡಾರ್ಕ್‌ರೂಮಿಗೆ ಬೆಂಕಿ ಬಿದ್ದು ಸುಮಾರು 5000 ನೆಗೆಟಿವ್‌ಗಳು ಸುಟ್ಟುಹೋದವು. ಬ್ಯಾಕಪ್ ಇಲ್ಲದ ಹಾರ್ಡ್‌ಡಿಸ್ಕ್ ಹೋದ ದಿನ ನಮಗೆ ಎಷ್ಟು ಸಂಕಟ ಅಂತ ಗೊತ್ತಲ್ಲ. ಇದು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಈಗ ಲೆಕ್ಕಕ್ಕೆ ಬರೋಣ. ಇದಕ್ಕೆ ಅಡಿಪಾಯ ಹಾಕಿದವರು ಇಂಗ್ಲೆಂಡಿನಲ್ಲಿದ್ದ ಇಬ್ಬರು: ರಸಾಯನಶಾಸ್ತ್ರಜ್ಞ ಫರ್ಡಿನೆಂಡ್ ಹರ್ಟರ್, ಎಂಜಿನಿಯರ್ ವೆರೊ ಡ್ರಿಫೀಲ್ಡ್. ಫಿಲ್ಮಿನ ಮೇಲೆ ಬಿದ್ದ ಬೆಳಕಿಗೂ ತೊಳೆದ ಮೇಲೆ ಅದು ಎಷ್ಟು ಕಪ್ಪಾಯಿತು ಅನ್ನೋದಕ್ಕೂ ಇರುವ ಸಂಬಂಧವನ್ನು ಅವರು 1890ರಲ್ಲಿ ಲಾಗರಿತಮ್ ಗ್ರಾಫಾಗಿ ಎಳೆದು ತೋರಿಸಿದರು. ಗ್ರಾಫಿನ ನಡುಭಾಗ ಹೆಚ್ಚುಕಡಿಮೆ ನೇರ ಗೆರೆ. ಡೆವಲಪರಿನಲ್ಲಿ ಜಾಸ್ತಿ ಹೊತ್ತು ಇಟ್ಟರೆ ಆ ಗೆರೆಯ ಇಳಿಜಾರು ಕಡಿದಾಗುತ್ತೆ. ಅಂದರೆ ಸಮಯ ಬದಲಾದರೆ ಬದಲಾಗೋದು ಕಾಂಟ್ರಾಸ್ಟ್.

ಯಾಕೆ ಹಾಗೆ? ನೆಗೆಟಿವಿನಲ್ಲಿ ಎಲ್ಲಾ ಉಲ್ಟಾ ಅನ್ನೋದು ನೆನಪಿರಲಿ: ದೃಶ್ಯದಲ್ಲಿ ಬೆಳಗಿದ ಜಾಗ ನೆಗೆಟಿವಿನಲ್ಲಿ ಕಪ್ಪು, ನೆರಳಿನ ಜಾಗ ತೆಳು. ಬೆಳಕು ತಾಕಿದ ಬೆಳ್ಳಿಯ ಲವಣದ ಹರಳುಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತಾ ಹೋಗುತ್ತೆ. ನೆರಳಿನ ಜಾಗದಲ್ಲಿ ಬೆಳಕು ತಾಕಿದ ಹರಳುಗಳೇ ಕಡಿಮೆ, ಆ ಕೆಲಸ ಬೇಗ ಮುಗಿಯುತ್ತೆ. ಆಮೇಲೆ ಎಷ್ಟು ಹೊತ್ತು ಇಟ್ಟರೂ ಅಲ್ಲಿ ಹೊಸದೇನೂ ಹೆಚ್ಚಾಗಿ ಹುಟ್ಟಲ್ಲ. ಬೆಳಗಿದ ಜಾಗದಲ್ಲಿ ಹರಳುಗಳು ರಾಶಿ, ಅಲ್ಲಿ ಕಪ್ಪು ಏರುತ್ತಲೇ ಹೋಗುತ್ತೆ. ಹಾಗಾಗಿ ನೆರಳಿನ ವಿವರ ಬೇಕಿದ್ದರೆ ಅದನ್ನು ಶಟರ್ ಒತ್ತುವಾಗಲೇ ಕೊಟ್ಟಿರಬೇಕು. ಬಿಳಿ ಅಂಗಿಯ ಮಡಿಕೆ ಉಳಿಯಬೇಕಿದ್ದರೆ ಡೆವಲಪರಿನಿಂದ ಹೊತ್ತಿಗೆ ಸರಿಯಾಗಿ ತೆಗೆಯಬೇಕು. ನಮ್ಮ ಬಾತ್‌ರೂಮ್ ಪ್ರಯೋಗದಲ್ಲಿ ಎರಡೂ ತಪ್ಪಿತ್ತು ಅಂತ ಈಗ ಅರ್ಥ ಆಗ್ತಿದೆ.

ಈ ಮಾತು ಹಳಬರಿಗೆ ಅಂದಾಜಿನಲ್ಲಿ ಗೊತ್ತಿತ್ತು. ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ 1940ರ ಆಸುಪಾಸಿನಲ್ಲಿ ಪಾಠ ಮಾಡುತ್ತಿದ್ದ ಆಡಮ್ಸ್, ಸಹೋದ್ಯೋಗಿ ಫ್ರೆಡ್ ಆರ್ಚರ್ ಜೊತೆ ಸೇರಿ ಅದನ್ನು ಮೆಟ್ಟಿಲು ಮಾಡಿ ಕೊಟ್ಟರು. ಅದೇ ಜೋನ್ ಸಿಸ್ಟಮ್. ಸೊನ್ನೆಯ ಜೋನ್ ಕಡುಗಪ್ಪು, ಹತ್ತನೆಯದು ಕಾಗದದ ಶುದ್ಧ ಬಿಳುಪು, ಐದನೆಯದು ನಡುವಿನ ಬೂದು. ಒಂದು ಮೆಟ್ಟಿಲು ಏರಿದರೆ ಬೆಳಕು ಎರಡರಷ್ಟು. ಲೈಟ್ ಮೀಟರ್ ಪಾಪ ಏನನ್ನೇ ತೋರಿಸಿದರೂ ಅದನ್ನು ಐದನೇ ಜೋನ್ ಅಂತಲೇ ತಿಳಿಯುತ್ತೆ. ಕಪ್ಪು ಎಮ್ಮೆಯನ್ನು ತೋರಿಸಿ, ಬಿಳಿ ಪಂಚೆಯನ್ನು ತೋರಿಸಿ, ಎರಡೂ ಅದಕ್ಕೆ ಬೂದಿಯೇ. ಎಮ್ಮೆಯನ್ನು ಯಾವ ಮೆಟ್ಟಿಲಲ್ಲಿ ಕೂರಿಸಬೇಕು ಅಂತ ತೀರ್ಮಾನಿಸೋದು ನಾವು. ನೆರಳನ್ನು ಮೂರನೇ ಮೆಟ್ಟಿಲಲ್ಲಿ ಕೂರಿಸಿ, ಆಮೇಲೆ ಬಿಳುಪು ಎಲ್ಲಿ ಬೀಳುತ್ತೆ ನೋಡಬೇಕು. ಏಳು ಎಂಟರಲ್ಲಿ ಬಿದ್ದರೆ ಮಾಮೂಲಿ ಸಮಯ. ಒಂಬತ್ತಕ್ಕೆ ಹೋಗಿ ಎಂಟಕ್ಕೆ ಇಳಿಸಬೇಕಿದ್ದರೆ ಡೆವಲಪ್ ಮಾಡುವ ಹೊತ್ತು ಕಡಿಮೆ, ಅದು ಮೈನಸ್ ಒಂದು. ಮೋಡ ಕವಿದ ದಿನ, ಎಲ್ಲಾ ಸಪ್ಪೆ ಅನ್ನಿಸಿದರೆ ಹೊತ್ತು ಜಾಸ್ತಿ, ಅದು ಪ್ಲಸ್ ಒಂದು.

ಮಾಮೂಲಿ ಸಮಯವಾದರೂ ಎಷ್ಟು? ಇಲ್ಲಿ ಆಡಮ್ಸ್ ಡಬ್ಬಿಯನ್ನು ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿ ಅಂತಾರೆ. ಒಂದೇ ಸಮ ಬೆಳಕು ಬಿದ್ದ ಗೋಡೆಯನ್ನು ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ ಬೆಳಕಿನಲ್ಲಿ ತೆಗೆಯಿರಿ, ಅದು ಒಂದನೇ ಜೋನ್. ನೆಗೆಟಿವಿನಲ್ಲಿ ಅದರ ಸಾಂದ್ರತೆ ಖಾಲಿ ಫಿಲ್ಮಿಗಿಂತ 0.1ರಷ್ಟು ಹೆಚ್ಚಿದ್ದರೆ ಸರಿ. ಅಂದರೆ ಖಾಲಿ ಫಿಲ್ಮ್ ದಾಟುವ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲು ಅಲ್ಲಿ ದಾಟಬೇಕು. ಅಷ್ಟು ಬರುವವರೆಗೆ ಫಿಲ್ಮಿನ ವೇಗದ ಸಂಖ್ಯೆಯನ್ನು ಬದಲಾಯಿಸುತ್ತಾ ಹೋಗಿ. ಅದು ಗೊತ್ತಾದ ಮೇಲೆ ಅದೇ ಗೋಡೆಯನ್ನು ಮೀಟರಿಗಿಂತ ಮೂರು ಸ್ಟಾಪ್ ಹೆಚ್ಚು ಬೆಳಕಿನಲ್ಲಿ ತೆಗೆಯಿರಿ, ಅದು ಎಂಟನೇ ಜೋನ್. ಇಂಥ ನಾಲ್ಕೈದು ತುಂಡುಗಳನ್ನು ಬೇರೆ ಬೇರೆ ಹೊತ್ತು ಡೆವಲಪ್ ಮಾಡಿ. ಸಾಂದ್ರತೆ 1.3ರ ಹತ್ತಿರ ಬಂದದ್ದು ಯಾವುದೋ ಅದರ ಸಮಯವೇ ನಿಮ್ಮ ಸಮಯ. 1.3 ಅಂದರೆ ನೂರರಲ್ಲಿ ಐದು ಪಾಲು ಬೆಳಕು ದಾಟುತ್ತೆ. ಬೆಳಕನ್ನು ಚದುರಿಸುವ ಮಾದರಿಯ ಎನ್‌ಲಾರ್ಜರಿಗೆ ಈ ಲೆಕ್ಕ, ಲೆನ್ಸಿನಿಂದ ಒಟ್ಟುಗೂಡಿಸುವ ಮಾದರಿಯದಾದರೆ 1.2 ಸಾಕು. ಅಂದರೆ ನಿಮ್ಮ ಎನ್‌ಲಾರ್ಜರ್ ಯಾವುದು ಅನ್ನೋದರ ಮೇಲೂ ಸಮಯ ನಿಂತಿದೆ! ಡೆವಲಪರಿನ ಉಷ್ಣತೆ 20 ಡಿಗ್ರಿಯಲ್ಲೇ ಇರಬೇಕು ಅನ್ನೋದು ಇನ್ನೊಂದು ಷರತ್ತು. ಏಪ್ರಿಲ್ಲಿನ ನಲ್ಲಿ ನೀರಿಗೆ ಐಸ್ ಹಾಕದೆ ನಮಗೆ ಅದು ಆಗೋ ಮಾತಲ್ಲ.

ಒಂದು ಅನುಕೂಲ ಅವರಿಗಿತ್ತು. ದೊಡ್ಡ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ಒಂದು ಹಾಳೆ ಫಿಲ್ಮ್, ಪ್ರತಿಯೊಂದಕ್ಕೂ ಬೇರೆ ಸಮಯ ಕೊಡಬಹುದು. ನಮ್ಮ 36 ಚಿತ್ರಗಳ ರೀಲಿನಲ್ಲಿ ಬಿಸಿಲು ನೆರಳು ಎಲ್ಲವೂ ಒಂದೇ ನೀರಲ್ಲಿ ಮುಳುಗಬೇಕು.

ಈ ಇಡೀ ವಿದ್ಯೆ ಪಣಕ್ಕೆ ಬಿದ್ದ ಸಂಜೆ ಬಂದದ್ದು 1941ರ ಶರತ್ಕಾಲದಲ್ಲಿ. ಎಂಟು ವರ್ಷದ ಮಗ ಮೈಕಲ್ ಮತ್ತು ಗೆಳೆಯ ಸೆಡ್ರಿಕ್ ರೈಟ್ ಜೊತೆ ಆಡಮ್ಸ್ ನ್ಯೂ ಮೆಕ್ಸಿಕೊದಲ್ಲಿ ಓಡಾಡುತ್ತಿದ್ದರು. ದಿನವೆಲ್ಲ ಕೆಲಸ ಕೈಗೂಡಿರಲಿಲ್ಲ, ಬೇಸರದಲ್ಲಿ ಸಾಂಟಾ ಫೆ ಕಡೆಗೆ ಕಾರು ತಿರುಗಿಸಿದ್ದರು. ದಾರಿಯಲ್ಲಿ ಹರ್ನಾಂಡೆಜ್ ಎಂಬ ಸಣ್ಣ ಹಳ್ಳಿ. ಪೂರ್ವದಲ್ಲಿ ಹಿಮದ ಬೆಟ್ಟಗಳ ಮೇಲೆ ಚಂದ್ರ, ಕೆಳಗೆ ಚರ್ಚು, ಅದರ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬೆಳಕು. ಕಾರನ್ನು ರಸ್ತೆ ಬದಿಗೆ ನುಗ್ಗಿಸಿ, ಜೊತೆಗಾರರಿಗೆ ಅದು ತನ್ನಿ ಇದು ತನ್ನಿ ಅಂತ ಕೂಗುತ್ತಾ ಎಂಟು ಹತ್ತು ಇಂಚಿನ ಕ್ಯಾಮೆರಾ ನಿಲ್ಲಿಸಿದರು. ಎಲ್ಲಾ ಸಿದ್ಧ. ಲೈಟ್ ಮೀಟರ್ ಮಾತ್ರ ಸಿಗಲಿಲ್ಲ.

(ನಡುವೆ ಒಂದು ಮಾತು: ಅದು ವೆಸ್ಟನ್ ಕಂಪನಿಯ ಮೀಟರ್. ನಮ್ಮ ಎಲೆಕ್ಟ್ರಿಕಲ್ ಗೆಳೆಯರು ಓದುವ ವೆಸ್ಟನ್ ಸೆಲ್ ಕಂಡುಹಿಡಿದ ಎಡ್ವರ್ಡ್ ವೆಸ್ಟನ್ ಅವರೇ ಆ ಕಂಪನಿ ಕಟ್ಟಿದವರು. ಎಫ್/64 ಗುಂಪಿನ ಎಡ್ವರ್ಡ್ ವೆಸ್ಟನ್ ಬೇರೆ. ಹೆಸರು ಮಾತ್ರ ಒಂದೇ.)

ಬೆಳಕು ಜಾರುತ್ತಿತ್ತು. ಆಗ ನೆನಪಿಗೆ ಬಂದದ್ದು ಚಂದ್ರನ ಪ್ರಕಾಶ: ಚದರ ಅಡಿಗೆ 250 ಕ್ಯಾಂಡಲ್. ಅದನ್ನು ಏಳನೇ ಜೋನಿನಲ್ಲಿ ಕೂರಿಸಿದರು. ಹಾಗಾದರೆ ಐದನೇ ಜೋನಿಗೆ ಅದರ ಕಾಲು ಭಾಗ, ಸುಮಾರು 60. ಅವರ ಬಾಯಿಲೆಕ್ಕ ಹೀಗಿತ್ತು: ಫಿಲ್ಮಿನ ವೇಗದ ವರ್ಗಮೂಲವೇ ಅಪರ್ಚರ್, ಐದನೇ ಜೋನಿನ ಕ್ಯಾಂಡಲ್ ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಶಟರ್ ವೇಗ. ಫಿಲ್ಮಿನ ವೇಗ 64, ಹಾಗಾಗಿ ಎಫ್/8ರಲ್ಲಿ 1/60 ಸೆಕೆಂಡ್. ಹಾಕಿದ್ದ ಕಡು ಹಳದಿ ಫಿಲ್ಟರಿಗೆ ಮೂರರಷ್ಟು ಬೆಳಕು ಬೇಕು, 1/20 ಆಯಿತು. ಬೆಟ್ಟದಿಂದ ಬೇಲಿವರೆಗೆ ಎಲ್ಲವೂ ಚೂಪಾಗಿ ಬರಬೇಕಿದ್ದರೆ ಎಫ್/32 ಬೇಕು. ಎಫ್/8ರಿಂದ ಅದು ನಾಲ್ಕು ಸ್ಟಾಪ್, ಹದಿನಾರರಷ್ಟು: 16/20, ಅಂದರೆ 0.8. ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ತೆಗೆಯೋಣ ಅಂತ ಫಿಲ್ಮಿನ ಹೋಲ್ಡರ್ ತಿರುಗಿಸಿ ಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು.

ಹಾಗಾಗಿ ಕೈಯಲ್ಲಿ ಉಳಿದಿದ್ದು ಒಂದೇ ಹಾಳೆ. ಚಂದ್ರನ ಲೆಕ್ಕ ಪಕ್ಕಾ. ಮುಂದಿನ ನೆಲ, ಪೊದೆ, ಮನೆಗಳ ಮೇಲೆ ಬೆಳಕು ಎಷ್ಟಿತ್ತು ಅನ್ನೋದನ್ನು ಅಳೆಯಲಾಗಿರಲಿಲ್ಲ. ಕಡಿಮೆಯೇ ಬಿದ್ದಿರುತ್ತೆ ಅನ್ನೋದು ಅವರ ಭಯ. ಈಗ ಎಷ್ಟು ಹೊತ್ತು ಡೆವಲಪ್ ಮಾಡೋದು? ಜಾಸ್ತಿ ಇಟ್ಟರೆ ನೆಲಕ್ಕೆ ಸ್ವಲ್ಪ ಜೀವ ಬರಬಹುದು, ಚಂದ್ರ ಮತ್ತು ಮೋಡ ಸುಣ್ಣದ ಉಂಡೆಯಾಗುತ್ತವೆ. ಕಡಿಮೆ ಇಟ್ಟರೆ ಚಂದ್ರ ಉಳಿಯುತ್ತಾನೆ, ಹಳ್ಳಿ ಹೋಗುತ್ತೆ. ಪರೀಕ್ಷೆಗೆ ಅಂತ ಎರಡನೇ ಹಾಳೆ ಇಲ್ಲ.

ಆಡಮ್ಸ್ ಹಿಡಿದದ್ದು ನೀರಿನ ದಾರಿ. ತೆಳು ಮಾಡಿದ ಡೆವಲಪರಿನಲ್ಲಿ 30 ಸೆಕೆಂಡ್, ಆಮೇಲೆ ಬರೀ ನೀರಿನಲ್ಲಿ ಅಲುಗಾಡಿಸದೆ ಎರಡು ನಿಮಿಷ. ಮತ್ತೆ 30 ಸೆಕೆಂಡ್, ಮತ್ತೆ ಎರಡು ನಿಮಿಷ. ಹೀಗೆ ಹತ್ತು ಸಲ. ಒಟ್ಟು 25 ನಿಮಿಷದಲ್ಲಿ ಡೆವಲಪರಿನೊಳಗೆ ಇದ್ದದ್ದು ಐದೇ ನಿಮಿಷ. ಇದರ ಹಿಂದಿನ ರಸಾಯನ ಬಹಳ ಚೆಂದ. ಫಿಲ್ಮಿನ ಜೆಲಟಿನ್ ಪದರ ಅಷ್ಟು ಹೊತ್ತಿನಲ್ಲಿ ಒಂದಿಷ್ಟು ಡೆವಲಪರ್ ಹೀರಿಕೊಂಡಿರುತ್ತೆ. ನೀರಿಗೆ ಇಳಿಸಿದಾಗ ಚಂದ್ರನ ಜಾಗದಲ್ಲಿ ಹರಳುಗಳು ರಾಶಿ ಇರೋದರಿಂದ ಹೀರಿದ್ದೆಲ್ಲ ಕ್ಷಣದಲ್ಲಿ ಖರ್ಚಾಗಿ ಕೆಲಸ ನಿಲ್ಲುತ್ತೆ. ನೆರಳಿನ ಜಾಗದಲ್ಲಿ ಖರ್ಚು ಕಡಿಮೆ, ಹಾಗಾಗಿ ಆ ಎರಡು ನಿಮಿಷವೂ ಅಲ್ಲಿ ನಿಧಾನಕ್ಕೆ ಕೆಲಸ ನಡೆದಿರುತ್ತೆ. ಒಂದೇ ಹಾಳೆಯಲ್ಲಿ ಚಂದ್ರನಿಗೊಂದು ಸಮಯ, ಹಳ್ಳಿಗೊಂದು ಸಮಯ.

ನೆಗೆಟಿವ್ ಉಳಿಯಿತು. ಪೂರ್ತಿ ಗೆದ್ದರು ಅನ್ನೋ ಹಾಗಿಲ್ಲ: ಕೆಳಭಾಗ ತೆಳುವಾಗಿಯೇ ಬಂದಿತ್ತು, ಪ್ರಿಂಟ್ ಹಾಕೋದು ದೊಡ್ಡ ಕಷ್ಟ. 1948ರಲ್ಲಿ ಧೈರ್ಯ ಮಾಡಿ ನೆಗೆಟಿವಿನ ಕೆಳಭಾಗವನ್ನು ಮಾತ್ರ ಸಾಂದ್ರತೆ ಹೆಚ್ಚಿಸುವ ಇಂಟೆನ್ಸಿಫೈಯರ್ ದ್ರಾವಣದಿಂದ ಉಪಚರಿಸಿದರು. ಆಗಲೇ ಹೆಸರಾಗಿದ್ದ ಏಕೈಕ ನೆಗೆಟಿವನ್ನು ಮತ್ತೆ ದ್ರಾವಣಕ್ಕೆ ಒಡ್ಡುವಾಗ ಕೈ ನಡುಗಿರಲಿಕ್ಕಿಲ್ಲವೇ ಅಂತ ನಾವು ಮಾತಾಡಿಕೊಂಡೆವು. ಹಳೆಯ ಪ್ರಿಂಟುಗಳಲ್ಲಿ ಆಕಾಶ ತಿಳಿಬೂದು, ಮೋಡದ ಗೆರೆಗಳು ಕಾಣುತ್ತವೆ. ವರ್ಷ ಕಳೆದಂತೆ ಅವರು ಆಕಾಶವನ್ನು ಕಪ್ಪು ಮಾಡುತ್ತಾ ಹೋದರು. ನಮ್ಮಲ್ಲಿ ಇಬ್ಬರಿಗೆ ಹಳೆಯದೇ ಇಷ್ಟ. ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಿಂಟುಗಳನ್ನು ಅವರು ಆ ಒಂದು ನೆಗೆಟಿವಿನಿಂದ ತೆಗೆದರು. 1981ರಲ್ಲಿ ಅಂಥ ಒಂದು ಪ್ರಿಂಟ್ 71,500 ಡಾಲರಿಗೆ ಮಾರಾಟವಾಯಿತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀವಿ. ಯುದ್ಧಕಾಲದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಪ್ರಜೆಗಳನ್ನು ಕೂಡಿಹಾಕಿದ್ದ ಮನ್ಜನಾರ್ ಶಿಬಿರದಲ್ಲಿ 1943ರಿಂದ ಚಿತ್ರ ತೆಗೆದರು, 1944ರಲ್ಲಿ ಪುಸ್ತಕ ಮಾಡಿದರು. 1949ರಿಂದ ಪೋಲರಾಯ್ಡ್ ಕಂಪನಿಗೆ ಸಲಹೆಗಾರರಾದರು. ಹ್ಯಾಸೆಲ್‌ಬ್ಲಾಡ್‌ನಂಥ ರೋಲ್ ಫಿಲ್ಮ್ ಕ್ಯಾಮೆರಾಕ್ಕೆ ಎರಡು ಮೂರು ಫಿಲ್ಮ್ ಪೆಟ್ಟಿಗೆ ಇಟ್ಟುಕೊಂಡು ಒಂದಕ್ಕೆ ಮಾಮೂಲಿ, ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್ ಸಮಯ ಮೀಸಲಿಡಿ ಅಂತ ದಾರಿ ತೋರಿಸಿದರು. ಕ್ಯಾಮೆರಾ, ನೆಗೆಟಿವ್, ಪ್ರಿಂಟ್ ಬಗ್ಗೆ 1948ರಿಂದ ಬರೆಯುತ್ತಾ ಬಂದ ಪುಸ್ತಕಗಳನ್ನು ಎಂಬತ್ತು ವಯಸ್ಸಿನ ಹೊತ್ತಿಗೆ ಹೊಸದಾಗಿ ತಿದ್ದಿ ಮೂರು ಸಂಪುಟ ಮಾಡಿದರು. 1984ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತೀರಿಕೊಂಡರು.

ಒಂದು ತಮಾಷೆ ಹೇಳೋದು ಮರೆತೆವು. ಅಪರ್ಚರ್, ಫಿಲ್ಟರ್, ಸೆಕೆಂಡುಗಳನ್ನೆಲ್ಲ ನೆನಪಿಟ್ಟುಕೊಂಡ ಮನುಷ್ಯನಿಗೆ ಹರ್ನಾಂಡೆಜ್ ಚಿತ್ರ ಯಾವ ದಿನ ತೆಗೆದದ್ದು ಅಂತ ಮಾತ್ರ ಗೊತ್ತಿರಲಿಲ್ಲ. ಒಂದು ಕಡೆ 1940, ಇನ್ನೊಂದು ಕಡೆ 1942, ಮತ್ತೊಂದು ಕಡೆ 1944 ಅಂತ ಹೇಳಿದ್ದರು. ಕೊನೆಗೆ ಚಂದ್ರನ ಸ್ಥಾನ ಹಿಡಿದು ಖಗೋಳದ ಲೆಕ್ಕ ಹಾಕಿದವರು ಅದನ್ನು ಬಿಡಿಸಿದರು. ಮೊದಲ ಲೆಕ್ಕದಲ್ಲಿ 1941ರ ಅಕ್ಟೋಬರ್ 31 ಅಂತ ಬಂತು. ಆಡಮ್ಸ್ ತೀರಿಕೊಂಡು ಏಳು ವರ್ಷದ ಮೇಲೆ, 1991ರಲ್ಲಿ, ಡೆನಿಸ್ ಡಿ ಚಿಕ್ಕೊ ಎಂಬವರು ಕ್ಯಾಮೆರಾ ನಿಂತ ಜಾಗವನ್ನೂ ಸರಿಪಡಿಸಿ ಮತ್ತೆ ಲೆಕ್ಕ ಹಾಕಿದರು: 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ 20 ಸೆಕೆಂಡ್.

ನಮ್ಮ ಎರಡನೇ ರೀಲು ಈಗ ರೂಮಿನ ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪಿನಲ್ಲಿ ನೇತಾಡ್ತಾ ಒಣಗ್ತಿದೆ. ಪೂರ್ತಿ ಗೋಡೆಯ ಚಿತ್ರಗಳೇ.